ಸರಟೋಗಾ ಹಳ್ಳದ ಜಮಾ-ಖರ್ಚು

ಸರಟೋಗಾದಲ್ಲಿ ಬಾಡಿಗೆ ಎಷ್ಟು, ಶಾಲೆ ಹೇಗೆ ಅಂತ ನಮ್ಮವರಲ್ಲಿ ಯಾರನ್ನು ಕೇಳಿದರೂ ಥಟ್ಟನೆ ಹೇಳ್ತಾರೆ. ನಲ್ಲಿ ನೀರು ಎಲ್ಲಿಂದ ಬರುತ್ತೆ ಅಂತ ಕೇಳಿದರೆ ಮಾತ್ರ "ಕಂಪನಿ ಕೊಡುತ್ತೆ, ಬಿಲ್ ಕಟ್ತೀವಿ" ಅನ್ನೋದೇ ಉತ್ತರ. ಊರಲ್ಲಾದರೆ ಕೆರೆಗೆ ಯಾವ ಹಳ್ಳ ಸೇರುತ್ತೆ, ಕೋಡಿ ಬಿದ್ದರೆ ನೀರು ಯಾರ ಗದ್ದೆಗೆ ಹೋಗುತ್ತೆ ಅನ್ನೋದು ಮಕ್ಕಳಿಗೂ ಗೊತ್ತಿರುತ್ತೆ.

ಬಿದ್ದ ಮಳೆಯೆಲ್ಲ ಇಳಿಜಾರು ಹಿಡಿದು ಒಂದೇ ಹಳ್ಳ ಸೇರುವಷ್ಟು ಜಾಗವೇ ಜಲಾನಯನ ಪ್ರದೇಶ. ಊರ ಕಡೆ ಸರ್ಕಾರಿ ಬೋರ್ಡುಗಳಲ್ಲಿ ಈ ಪದ ಓದಿರ್ತೀರಿ. ಗುಡ್ಡ, ಕಾಡು ಮಾತ್ರವಲ್ಲ, ನಿಮ್ಮ ಮನೆ ಛಾವಣಿ, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗ ಕೂಡ ಅದರಲ್ಲೇ ಬಂತು. ಇಲ್ಲಿಯ ಸರಟೋಗಾ ಕ್ರೀಕ್ ಸಾಂಟಾ ಕ್ರೂಜ್ ಬೆಟ್ಟಗಳಲ್ಲಿ ಹುಟ್ಟಿ, ಹಳೇ ಪೇಟೆಯ ಪಕ್ಕದಲ್ಲೇ ಇಳಿದು, ಸ್ಯಾನ್ ಹೋಸೆ, ಸಾಂಟಾ ಕ್ಲಾರಾ ದಾಟಿ, ಸ್ಯಾನ್ ತೋಮಸ್ ಅಕಿನೋ ಕ್ರೀಕಿನ ಜೊತೆ ಕೊಲ್ಲಿ ಸೇರುತ್ತೆ.

ನಾವು ಕುಡಿಯೋದು ಮೂರು ಕಡೆಯ ನೀರು. ಈ ಬೆಟ್ಟಗಳ ಹಳ್ಳದ್ದು, ನೆಲದೊಳಗಿನದು, ದೂರದಿಂದ ತರಿಸಿದ್ದು. ಇಡೀ ಸಾಂಟಾ ಕ್ಲಾರಾ ಕೌಂಟಿಯ ನೀರಿನಲ್ಲಿ ಸುಮಾರು ಅರ್ಧ ಹೊರಗಿನಿಂದ ಬರುವಂಥದ್ದು. ಲೆಕ್ಕಿಗನಾದ ನನಗೆ ಕುತೂಹಲ ಮಾತ್ರ ಅಂತರ್ಜಲದ ಖಾತೆಯ ಮೇಲೆ. ಹಿಂದೆ ಇಲ್ಲೆಲ್ಲ ಹಣ್ಣಿನ ತೋಟಗಳಿದ್ದವು. ಎಲ್ಲರೂ ಬಾವಿ ತೋಡಿ ಎತ್ತಿದ್ದೇ ಎತ್ತಿದ್ದು, ಜಮೆ ಕಡಿಮೆ, ಖರ್ಚು ಜಾಸ್ತಿ. ನೀರು ಖಾಲಿಯಾದ ಜೇಡಿಮಣ್ಣಿನ ಪದರ ಕುಗ್ಗಿ ನೆಲವೇ ಕುಸಿಯಿತು. ಸುಮಾರು 1915ರಿಂದ 1970ರೊಳಗೆ ಸ್ಯಾನ್ ಹೋಸೆ ಪೇಟೆ 13 ಅಡಿ ಕೆಳಗಿಳಿದಿದೆ! ಬ್ಯಾಂಕಿನ ಓವರ್‌ಡ್ರಾಫ್ಟ್ ಆದರೆ ಬಡ್ಡಿ ಕಟ್ಟಿ ತೀರಿಸಬಹುದು, ಕುಸಿದ ನೆಲ ಮೇಲೇಳಲ್ಲ.

ಅದಕ್ಕೇ 1929ರಲ್ಲಿ ಜಲ ಸಂರಕ್ಷಣಾ ಜಿಲ್ಲೆ ಮಾಡಿಕೊಂಡರು, ಇವತ್ತಿನ ವ್ಯಾಲಿ ವಾಟರ್ ಅದೇ. 1930ರ ದಶಕದಲ್ಲಿ ಸ್ಟೀವನ್ಸ್ ಕ್ರೀಕ್ ಮುಂತಾದ ಅಣೆಕಟ್ಟು ಕಟ್ಟಿ, ಮಳೆಗಾಲದ ನೀರು ಹಿಡಿದು, ನಿಧಾನವಾಗಿ ಹಳ್ಳಕ್ಕೂ ಇಂಗುಕೊಳಗಳಿಗೂ ಬಿಟ್ಟರು. ನಮ್ಮ ಕೆರೆಗಳು ಮಾಡ್ತಿದ್ದ ಕೆಲಸವೇ ಇದು. ಮುಂದೆ 1960ರ ದಶಕದಿಂದ ಹೊರಗಿನ ನೀರೂ ಬಂದ ಮೇಲೆ ಕುಸಿತ ನಿಂತಿತು.

ಗಲೀಜಿನ ಮಾತೂ ಹೇಳಬೇಕು. ಇಲ್ಲಿ ಸಿಂಕು, ಶೌಚಾಲಯದ ನೀರು ಶುದ್ಧೀಕರಣ ಘಟಕಕ್ಕೆ ಹೋಗುತ್ತೆ. ಆದರೆ ರಸ್ತೆಬದಿಯ ಮಳೆನೀರು ಚರಂಡಿಯದು ಬೇರೆ ಪೈಪು, ಸೋಸದೆ ನೇರ ಹಳ್ಳಕ್ಕೆ. ಮನೆ ಮುಂದೆ ಕಾರು ತೊಳೆದ ಸೋಪು, ಸೋರಿದ ಎಂಜಿನ್ ಆಯಿಲ್, ಹುಲ್ಲಿಗೆ ಹಾಕಿದ ಕೀಟನಾಶಕ ಎಲ್ಲ ಅಲ್ಲಿಗೇ. ಕಾರ್ ವಾಷಿನಲ್ಲಿ ತೊಳೆಸಿದರೆ ಆ ನೀರು ಘಟಕಕ್ಕೆ ಹೋಗುತ್ತೆ, ಕೆಲವು ಡಾಲರ್ ಹೋದರೆ ಹೋಗಲಿ.

ಒಮ್ಮೆ ಕೆಟ್ಟರೆ ಎಷ್ಟು ಕಾಲ ಅನ್ನೋದಕ್ಕೆ ಪಕ್ಕದ ನ್ಯೂ ಅಲ್ಮಾಡೆನ್ ಸಾಕ್ಷಿ. 19ನೇ ಶತಮಾನದಲ್ಲಿ ಅಲ್ಲಿ ತೆಗೆದ ಪಾದರಸ ಇವತ್ತಿಗೂ ನೀರಲ್ಲಿದೆ. ಅಲ್ಮಾಡೆನ್, ಕಲೆರೋ, ಗ್ವಾಡಲೂಪೆ ಜಲಾಶಯಗಳ ಮೀನು ತಿನ್ನಬಾರದು. ವಾರಾಂತ್ಯ ಗಾಳ ಹಿಡಿದು ಹೋಗೋ ಗೆಳೆಯರು ದಯವಿಟ್ಟು ಗಮನಿಸಿ. ಬೆಂಗಳೂರಿನವರಿಗೆ ತಿಪ್ಪಗೊಂಡನಹಳ್ಳಿ ನೆನಪಿರಬೇಕು. 1930ರ ದಶಕದಿಂದ ನಗರಕ್ಕೆ ನೀರುಣಿಸಿದ ಜಲಾಶಯ. ಅರ್ಕಾವತಿಯ ಜಲಾನಯನದಲ್ಲಿ ಕೊಳವೆಬಾವಿ, ಬಡಾವಣೆ, ಕೊಳಚೆ ಹೆಚ್ಚಿ, 2010ರ ದಶಕದಲ್ಲಿ ಅಲ್ಲಿಂದ ಕುಡಿಯೋ ನೀರು ತೆಗೆಯುವುದೇ ನಿಂತುಹೋಯಿತು.

ಈ ಸಲ ಗಣಪತಿಯನ್ನು ಹಳ್ಳಕ್ಕೆ ಬಿಡೋ ಯೋಚನೆ ಇದ್ದರೆ ಕೈಬಿಡಿ. ಬಣ್ಣವಿಲ್ಲದ ಮಣ್ಣಿನ ಗಣಪ ತನ್ನಿ, ಮನೆ ಬಕೆಟ್ಟಿನಲ್ಲೇ ವಿಸರ್ಜನೆ ಮಾಡಿ, ಕರಗಿದ ಮಣ್ಣುನೀರು ತುಳಸಿ ಗಿಡಕ್ಕೆ ಹಾಕಿ.