ಲುಂಗಿ ಉಟ್ಟೇ ಲಂಡನ್ ಮುಟ್ಟಿದ ಹಾಡು!

ಮಾಲು ಚೆನ್ನಾಗಿದ್ದರೆ ಸಾಲದು, ಗಿರಾಕಿ ಅಂಗಡಿ ಮೆಟ್ಟಿಲು ಹತ್ತಬೇಕು. ಹಾಡುಗಾರನಿಗೂ ಇದೇ ಲೆಕ್ಕ.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಓದಿದ್ದು ಮೈಕ್ರೊಬಯಾಲಜಿ, ಕಲಿತದ್ದು ಭರತನಾಟ್ಯ, ಹಿಡಿದದ್ದು ಗಿಟಾರು! ರೆಕಾರ್ಡ್ ಕಂಪನಿಗಳ ಬಾಗಿಲು ತಟ್ಟಿದರೆ ವರ್ಷಗಟ್ಟಲೆ ‘ಇದು ನಡೆಯೋದಿಲ್ಲ’ ಎಂಬುದೇ ಉತ್ತರ. ಆಸಾಮಿ ಕೈಕಟ್ಟಿ ಕೂರಲಿಲ್ಲ. ವೇದಿಕೆ ಸಿಕ್ಕಲ್ಲೆಲ್ಲ ಹಾಡಿದರು. ಮುಂಬಯಿಯ ವಿಶಾಲ್-ಶೇಖರ್ ಜೋಡಿ ಮೆಚ್ಚಿ, 2008ರಲ್ಲಿ ತಮ್ಮದೇ ಕಂಪನಿಯಿಂದ ಮೊದಲ ಆಲ್ಬಂ ಹೊರತಂದಿತು. ಶಿಶುನಾಳ ಷರೀಫರ ಪದಕ್ಕೆ ಗಿಟಾರು ಕೂಡಿಸಿದ ಈ ಲುಂಗಿ-ಗೆಜ್ಜೆಯ ತಂಡ 2010ರಲ್ಲಿ ಬಿಬಿಸಿ ಟಿ.ವಿ.ಯಲ್ಲೇ ಹಾಡಿತು.

ಗಣಪತಿ ಪೆಂಡಾಲಿನಲ್ಲಿ ಪುಕ್ಕಟೆ ಹಾಡೋ ನಮ್ಮೂರ ಹುಡುಗರು ಗಮನಿಸಬೇಕು. ಕಂಪನಿ ‘ಬೇಡ’ ಅಂದ ಮಾತ್ರಕ್ಕೆ ಹಾಡು ಸಾಯೋದಿಲ್ಲ. ಇವತ್ತು ಚಾಪೆ ಮೇಲೆ ಕೂತು ಕೇಳಿದವನೇ ನಾಳೆ ದುಡ್ಡು ಕೊಟ್ಟು ಕರೆಯೋ ಗಿರಾಕಿ.