ದೋಣಿಯ ನೀರಿಗೆ ಮನೆಯಲ್ಲೇ ಒಂದು ಪಂಪು

ಹನಿಹನಿಗೂಡಿದರೆ ಹಳ್ಳವೆಂಬ ಗಾದೆಯನ್ನು ಸಂಸಾರಿಗಳಾದ ನಾವು ಉಳಿತಾಯದ ಮಾತಿಗೆ ಬಳಸುತ್ತೇವೆ. ದೋಣಿ ನಡೆಸುವವನಿಗೆ ಅದೇ ಗಾದೆ ಎಚ್ಚರಿಕೆಯ ಮಾತು. ತೆರೆ ಚೆಲ್ಲಿದ ನೀರು, ಹುಟ್ಟಿನಿಂದ ತೊಟ್ಟಿಕ್ಕಿದ ನೀರು, ಕಾಣದ ಬಿರುಕಿನಿಂದ ಜಿನುಗಿದ ನೀರು, ಎಲ್ಲವೂ ತಳದಲ್ಲಿ ಸೇರುತ್ತವೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ ಭಾರ. 60 ಲೀಟರ್ ನಿಂತಿತೆಂದರೆ ಟಿಕೇಟಿಲ್ಲದ ಪ್ರಯಾಣಿಕನೊಬ್ಬ ಏರಿ ಕುಳಿತಂತೆಯೇ ಸರಿ. ಈತ ಸುಮ್ಮನೆ ಕೂಡುವವನೂ ಅಲ್ಲ. ದೋಣಿ ಎಡಕ್ಕೆ ವಾಲಿದರೆ ತಾನೂ ಎಡಕ್ಕೇ ಓಡಿ ಅದನ್ನು ಮಗುಚಲು ನೋಡುತ್ತಾನೆ.

ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ನೆಲೆಸಿದ ನಮಗೆ ಇದು ದೂರದ ಮಾತೇನಲ್ಲ. ಕಲ್ಯಾಣ ಒಂದು ಕಾಲಕ್ಕೆ ಹೆಸರಾಂತ ಬಂದರು. ಮುಂಬ್ರಾದ ಬಳಿಯೋ ವಾಶಿಯ ಸೇತುವೆಯ ಮೇಲೋ ಲೋಕಲ್ ಗಾಡಿಯ ಕಿಟಕಿಯಿಂದ ಖಾಡಿ ನಮಗೆ ದಿನವೂ ಕಾಣುತ್ತದೆ. 2005ರ ಜುಲೈ 26ರ ಮಹಾಮಳೆಯನ್ನು ಇಲ್ಲಿಯವರು ಮರೆತಿಲ್ಲ. 2019ರ ಜುಲೈ 27ರಂದು ಉಲ್ಹಾಸ ನದಿ ಉಕ್ಕಿ, ಬದಲಾಪುರ ಮತ್ತು ವಾಂಗಣಿಯ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನಲ್ಲಿ ನಿಂತಾಗ, ಸುಮಾರು ಸಾವಿರ ಪ್ರಯಾಣಿಕರನ್ನು ಕಾಪಾಡಲು ದೋಣಿಗಳೇ ಬರಬೇಕಾಯಿತು. ನಮ್ಮ ಹಿರಿಯರಲ್ಲಿ ಅನೇಕರು ಹೊಳೆ ದಾಟಿ ಶಾಲೆಗೆ ಹೋದವರು. ಇಲ್ಲಿ ಬೆಳೆದ ಮಕ್ಕಳಾದರೋ ನೀರನ್ನು ನಲ್ಲಿಯಲ್ಲಿ ಕಂಡಿದ್ದಾರೆ, ಇಲ್ಲವೇ ನೆರೆಯಲ್ಲಿ ಕಂಡಿದ್ದಾರೆ.

ಈಚೆಗೆ ಆ ಮಕ್ಕಳಿಗೆ ನೀರಿನ ಪರಿಚಯ ಮಾಡಿಕೊಡುತ್ತಿರುವುದು ಕಯಾಕ್ ಎಂಬ ಕಿರುದೋಣಿ. ಉತ್ತರ ಧ್ರುವದ ಸಮೀಪದ ಇನ್ಯೂಟ್ ಜನರು ಸೀಲ್ ಪ್ರಾಣಿಯ ಚರ್ಮ ಹೊದಿಸಿ ಬೇಟೆಗೆಂದು ಕಟ್ಟಿದ ದೋಣಿಯಿದು. ರಜೆಗೆ ಊರಿಗೆ ಹೋದವರು ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ, ಸೀತಾ ನದಿಯ ಕಾಂಡ್ಲಾ ಗಿಡಗಳ ನಡುವೆ ಇದನ್ನು ನಡೆಸಬಹುದು. ಇದರಲ್ಲಿ ಎರಡು ಬಗೆ. ಮೇಲೆ ಕೂತು ನಡೆಸುವ ಬಗೆಯಲ್ಲಿ ತೂತುಗಳಿದ್ದು ನೀರು ತಾನೇ ಇಳಿದುಹೋಗುತ್ತದೆ. ಒಳಗೆ ಕಾಲು ಚಾಚಿ ಕೂರುವ ಬಗೆಯಲ್ಲಿ ನೀರು ಒಳಗೇ ಉಳಿಯುತ್ತದೆ. ಊರ ದೋಣಿಯವರು ಡಬ್ಬದಿಂದ ಮೊಗೆದು ಚೆಲ್ಲುವಂತೆ ಇಲ್ಲಿ ಚೆಲ್ಲಲಾಗದು; ಕಾಲುಗಳ ಇಕ್ಕಟ್ಟಿನಲ್ಲಿ ಡಬ್ಬಕ್ಕೆ ಎಡೆಯೆಲ್ಲಿ? ಅದಕ್ಕಾಗಿಯೇ ಕೈಪಂಪು.

ಹೋಳಿಯ ಪಿಚಕಾರಿಯನ್ನು ನೆನೆದುಕೊಳ್ಳಿ. ಎಳೆದ ಬಾಯಿಂದಲೇ ಅದು ನೀರನ್ನು ಉಗುಳುತ್ತದೆ. ಪಂಪಿನಲ್ಲಿ ನೀರು ಕೆಳಗಿಂದ ಬಂದು ಮೇಲಿಂದ ಹೋಗಬೇಕು. ಈ ವ್ಯತ್ಯಾಸವನ್ನು ಮಾಡುವುದು ಎರಡು ರಬ್ಬರ್ ಬಿಲ್ಲೆಗಳು, ಅಂದರೆ ಕವಾಟಗಳು. ಕಚೇರಿಯಲ್ಲಿ ಮೇಲಕ್ಕೆ ಹೋದ ಕಡತ ಷರಾ ಹೊತ್ತು ಕೆಳಕ್ಕೆ ಮರಳುವುದುಂಟು. ಪಂಪಿನ ನೀರಿಗೆ ಆ ಸ್ವಾತಂತ್ರ್ಯವಿಲ್ಲ. ಹಳ್ಳಿಯ ಕೊಳವೆಬಾವಿಯ ಕೈಪಂಪು ನಡೆಯುವುದೂ ಇದೇ ತತ್ತ್ವದಿಂದ.

ಬೇಕಾದ ಸಾಮಾನು ಅಲ್ಪ. ಒಳಗಿನ ಅಗಲ 40 ಮಿಲಿಮೀಟರ್, ಉದ್ದ ಅರ್ಧ ಮೀಟರ್ ಇರುವ ಪಿ.ವಿ.ಸಿ. ಕೊಳವೆಯೊಂದು. ಅದರ ತಳದ ಮುಚ್ಚಳಕ್ಕೆ ಐದಾರು ರಂಧ್ರ ಕೊರೆದು, ಒಳಮೈಗೆ ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಬಿಲ್ಲೆಯನ್ನು ನಡುವೆ ಒಂದೇ ತಿರುಪಿನಿಂದ ಬಿಗಿಯಬೇಕು. ತಿರುಪಿನ ತಲೆ ಹೊರಗೆ ಚಾಚಿರಲಿ. ರಂಧ್ರಗಳು ದೋಣಿಯ ತಳಕ್ಕೆ ಅಂಟಿಕೊಳ್ಳವು. ಹಿಡಿಕೆಯ ಕಡ್ಡಿಯ ತುದಿಗೆ ಪಿಸ್ಟನ್: ರಂಧ್ರವಿರುವ ದಪ್ಪ ಪ್ಲಾಸ್ಟಿಕ್ ಬಿಲ್ಲೆ, ಮೇಲೆ ಇನ್ನೊಂದು ರಬ್ಬರ್ ಬಿಲ್ಲೆ, ಅಂಚಿಗೆ ಚರ್ಮದ ವಾಶರ್. ಕೊಳವೆಯ ಮೇಲ್ತುದಿಗೆ 'ಟೀ' ಜೋಡಿಸಿದರೆ ಅದರ ಪಕ್ಕದ ಬಾಯಿಂದ ನೀರು ಹೊರಬೀಳುತ್ತದೆ. ಕಡ್ಡಿ ಆಡುವ ಮೇಲಿನ ಮುಚ್ಚಳವನ್ನು ಅಂಟಿನಿಂದ ಬೆಸೆಯಬಾರದು. ಬಿಚ್ಚಿ ತೊಳೆಯಲು ಬರುವಂತಿರಬೇಕು. ಖಾಡಿಯ ಉಪ್ಪು ಕಬ್ಬಿಣವನ್ನು ತಿನ್ನುವುದರಿಂದ ತಿರುಪುಗಳು ಹಿತ್ತಾಳೆಯವೋ ಸ್ಟೇನ್‌ಲೆಸ್ ಉಕ್ಕಿನವೋ ಆಗಿರಲಿ.

ಹಿಡಿಕೆಯನ್ನು ಎಳೆದಾಗ ಪಿಸ್ಟನ್ನಿನ ಕವಾಟ ಮುಚ್ಚಿ, ಮೇಲಿನ ನೀರು ಹೊರಚೆಲ್ಲುತ್ತದೆ. ಅದೇ ಕ್ಷಣ ಕೆಳಗೆ ಒತ್ತಡ ತಗ್ಗುವುದರಿಂದ, ಹೊರಗಿನ ಗಾಳಿಯ ಒತ್ತಡವು ತಳದ ಕವಾಟವನ್ನು ತೆರೆದು ಹೊಸ ನೀರನ್ನು ಒಳಗೆ ನೂಕುತ್ತದೆ. ಒತ್ತಿದಾಗ ತಳದ ಕವಾಟ ಮುಚ್ಚಿ, ನೀರು ಪಿಸ್ಟನ್ನಿನ ಮೂಲಕ ಮೇಲೇರುತ್ತದೆ. 30 ಸೆಂಟಿಮೀಟರಿನ ಒಂದು ಎಳೆತಕ್ಕೆ ಲೆಕ್ಕದಲ್ಲಿ 375 ಮಿಲಿಲೀಟರ್. ಸೋರಿಕೆ ಕಳೆದು ಮೂರನೆಯ ಒಂದು ಲೀಟರ್ ಎನ್ನೋಣ. ನಿಮಿಷಕ್ಕೆ 30 ಬಾರಿ ಎಳೆದರೆ 10 ಲೀಟರ್. ಮೊದಲು ಹೇಳಿದ ಆ ಟಿಕೇಟಿಲ್ಲದ ಪ್ರಯಾಣಿಕನನ್ನು ಆರು ನಿಮಿಷದಲ್ಲಿ ಇಳಿಸಬಹುದು. ಕೊನೆಯ ಒಂದೆರಡು ಬೆರಳು ನೀರು ಪಂಪಿಗೆ ಸಿಗದು. ಅದಕ್ಕೆ ಸ್ಪಂಜು ಇರಲಿ.

ಆರು ನಿಮಿಷ ಎರಡೂ ಕೈ ಪಂಪಿನ ಮೇಲಿದ್ದರೆ ಹುಟ್ಟು ಹಿಡಿಯುವವರಾರು? ಆದುದರಿಂದ ಒಬ್ಬಂಟಿಯಾಗಿ ನೀರಿಗಿಳಿಯಬಾರದು. ಜೊತೆಯವರು ದೋಣಿಯನ್ನು ಹಿಡಿದಿರಬೇಕು. ಪಂಪಿಗೆ ನೀರು ಹೀರದ ಫೋಮಿನ ಪಟ್ಟಿ ಸುತ್ತಿ ತೇಲುವಂತೆ ಮಾಡಿ, ದಾರದಿಂದ ದೋಣಿಗೆ ಕಟ್ಟಿರಬೇಕು. ಜೀವರಕ್ಷಕ ಅಂಗಿಯನ್ನು ತೊಟ್ಟೇ ಹೊರಡಬೇಕು. ಪಂಪು ಅದಕ್ಕೆ ಬದಲಿಯಲ್ಲ.

ದೋಣಿಯಿಲ್ಲದ ಮನೆಯಲ್ಲೂ ಈ ಪಂಪಿಗೆ ಕೆಲಸವುಂಟು. ನೀರು ಕೂಡಿಟ್ಟ ಡ್ರಮ್ಮಿನ ತಳವನ್ನು ಬರಿದುಮಾಡಲು, ಮಳೆಗಾಲದಲ್ಲಿ ಹೊಸ್ತಿಲ ಬಳಿಯ ಗುಂಡಿಯನ್ನು ಒಣಗಿಸಲು ಅದು ಒದಗೀತು. ಒಂದು ಭಾನುವಾರ ಮಕ್ಕಳನ್ನು ಕೂಡಿಸಿಕೊಂಡು ಮಾಡಿ ನೋಡಿ. ಕೊರೆಯುವ ಕೆಲಸ ಹಿರಿಯರಿಗಿರಲಿ, ಬಿಲ್ಲೆ ಕತ್ತರಿಸುವುದು ಮಕ್ಕಳಿಗಿರಲಿ. ಪರೀಕ್ಷೆಗೆ ಎರಡು ಬಕೆಟ್ಟು ಸಾಕು: ಒಂದರಿಂದ ಎಳೆದು ಇನ್ನೊಂದಕ್ಕೆ ತುಂಬಿರಿ. ಕೈ ನಿಲ್ಲಿಸಿದ ಮೇಲೂ ಕೊಳವೆಯ ನೀರು ಕೆಳಗೆ ಜಾರದೆ ನಿಂತರೆ ಕವಾಟ ಸರಿಯಾಗಿದೆ ಎಂದರ್ಥ. ಜಾರಿದರೆ ಬಿಲ್ಲೆಯನ್ನು ಇನ್ನೊಮ್ಮೆ ಕತ್ತರಿಸಿರಿ.