ಅನುಭವಸ್ಥ ಹೆಣ್ಣುಜಿಂಕೆ
ಬೇಟೆಗಾರ ಬಂದರೆ ಜಿಂಕೆಗೆ ಓಟವೊಂದೇ ಗತಿ ಎಂದು ನಾವು ತಿಳಿದಿದ್ದೇವೆ. ಆದರೆ ಕೆನಡಾದ ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಗಳಲ್ಲಿ ಪ್ರಾಯವಾದ ಹೆಣ್ಣುಗಳು ಓಡಾಟವನ್ನೇ ಕಡಿಮೆ ಮಾಡುತ್ತವೆ. ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 49 ಹೆಣ್ಣು ಎಲ್ಕ್‌ಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಇದನ್ನು ಕಂಡುಕೊಂಡರು. ವರದಿ ಪ್ರಕಟವಾದದ್ದು 2017ರಲ್ಲಿ. ರಸ್ತೆ ಸಮೀಪಿಸಿದರೆ ಅವು ದಟ್ಟ ಕಾಡು, ಕಡಿದಾದ ಜಾಗ ಸೇರುತ್ತವೆ. ಬಿಲ್ಲಿನ ಬೇಟೆಯೋ ಬಂದೂಕಿನದೋ ಎಂಬುದಕ್ಕೆ ತಕ್ಕಂತೆ ಅವುಗಳ ನಡೆಯೂ ಬದಲಾಗುತ್ತದೆ! 9-10 ವರ್ಷ ದಾಟಿದವು ಬೇಟೆಗಾರರ ಕೈಗೆ ಸಿಗುವುದೇ ಅಪರೂಪ. ಎಚ್ಚರವಿಲ್ಲದವು ಎಳವೆಯಲ್ಲೇ ಸತ್ತು, ಜಾಣೆಯರು ಮಾತ್ರ ಉಳಿದಿರಬಹುದಲ್ಲವೇ ಎಂದು ನೀವು ಕೇಳಬಹುದು. ಅದೂ ಇದೆ. ಆದರೆ ಒಂದೇ ಎಲ್ಕನ್ನು ಹಲವು ವರ್ಷ ಗಮನಿಸಿದಾಗಲೂ ಅದು ವರ್ಷದಿಂದ ವರ್ಷಕ್ಕೆ ಹೆಚ್ಚು ಜಾಗರೂಕವಾದದ್ದು ಕಂಡುಬಂತು.